‘ಸರ್ಪಸುತ್ತು’ ಎಂಬ ಹೆಸರಿನ ಔಚಿತ್ಯವಿಚಾರ

ವ್ಯಾಧಿಗಳ ಹೆಸರುಗಳು ನಿಘಂಟಿಗೆ ಮಾತ್ರ ಸೇರಿದವಲ್ಲ. ರೋಗಿಯು ಯಾರ ಬಾಗಿಲಿಗೆ ಹೋಗಬೇಕೆಂಬುದನ್ನೂ ಅವು ನಿರ್ಣಯಿಸುತ್ತವೆ. ಕಾರವಾರ, ಅಂಕೋಲೆಗಳ ಸೀಮೆಯಲ್ಲಿಯೂ ಬಳಕೆಯಲ್ಲಿರುವ ‘ಸರ್ಪಸುತ್ತು’ ಎಂಬ ಹೆಸರು ಇದಕ್ಕೆ ನಿದರ್ಶನವು. ಪಕ್ಕೆಯ ಒಂದು ಮಗ್ಗುಲಲ್ಲಿ ಉರಿಯೊಡನೆ ಬೊಕ್ಕೆಗಳ ಪಟ್ಟಿಯೆದ್ದರೆ ಸರ್ಪದೋಷವೆಂದು ಬಗೆದು ಮಂತ್ರ ಹಾಕಿಸುವ, ಕೆಮ್ಮಣ್ಣು ಹಚ್ಚಿಸುವ ರೂಢಿ ಕರಾವಳಿಯಲ್ಲುಂಟು. ಕಾರವಾರಕ್ಕೆ ನೆರೆಯದಾದ ಮರಾಠಿಯೂ ಈ ರೋಗವನ್ನು ‘ನಾಗೀಣ’ ಎಂದೇ ಕರೆಯುತ್ತದೆ.

ಹೆಸರಿನ ಸ್ವಾರಸ್ಯವನ್ನು ಮೊದಲು ಒಪ್ಪಬೇಕು. ಪಾಶ್ಚಾತ್ಯ ವೈದ್ಯರ ‘ಹರ್ಪಿಸ್ ಜೋಸ್ಟರ್’ ಎಂಬ ಗ್ರೀಕ್ ಪದಗಳಲ್ಲಿ ಮೊದಲನೆಯದಕ್ಕೆ ಹರಿದಾಡುವುದೆಂದೂ ಎರಡನೆಯದಕ್ಕೆ ನಡುಕಟ್ಟೆಂದೂ ಅರ್ಥ. ಸಂಸ್ಕೃತದ ‘ಸಪ್ತ’ವು ಗ್ರೀಕಿನಲ್ಲಿ ‘ಹೆಪ್ತ’ವಾಗಿರುವಂತೆಯೇ, ‘ಸೃಪ್’ ಧಾತುವಿಗೂ ‘ಹರ್ಪಿಸ್’ ಶಬ್ದಕ್ಕೂ ಮೂಲವೊಂದೇ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 21ನೆಯ ಅಧ್ಯಾಯದ ‘ವಿಸರ್ಪ’ವೂ ಈ ಧಾತುವಿನದೇ. ಆದರೆ ವಿಸರ್ಪವೆಂಬುದು ಅನೇಕ ಚರ್ಮವ್ಯಾಧಿಗಳನ್ನು ಒಳಗೊಂಡ ವ್ಯಾಪಕವಾದ ಹೆಸರು. ಸುಶ್ರುತನ ನಿದಾನಸ್ಥಾನದಲ್ಲಿ ತೋಳು, ಪಕ್ಕೆ, ಕಂಕುಳುಗಳಲ್ಲಿ ಏಳುವುದೆಂದು ಹೇಳಿರುವ ‘ಕಕ್ಷಾ’ ಎಂಬುದೇ ಸರ್ಪಸುತ್ತಿಗೆ ಹೆಚ್ಚು ಸಮೀಪವಾದುದು.

ಹೀಗೆ ಕಣ್ಣಿಗೆ ಕಂಡುದನ್ನು ಹೇಳುವುದರಲ್ಲಿ ಹೆಸರು ನಿರ್ದುಷ್ಟವಾಗಿದೆ. ರೂಪಕವನ್ನು ವಾಚ್ಯಾರ್ಥವೆಂದು ಗ್ರಹಿಸಿದುದೇ ದೋಷವು. ಹೆಡೆಯೂ ಬಾಲವೂ ಕೂಡಿದರೆ ಮರಣವೆಂಬ ಭಯ ಇದರಿಂದ ಹುಟ್ಟಿತು. ವಾಸ್ತವದಲ್ಲಿ ಬೊಕ್ಕೆಗಳು ಒಂದು ನರದ ಹರವನ್ನು ಅನುಸರಿಸಿ ದೇಹದ ಒಂದೇ ಪಾರ್ಶ್ವದಲ್ಲಿ ಏಳುವುದರಿಂದ ಅವು ಸುತ್ತಿ ಬಂದು ಕೂಡುವ ಸಂಭವ ಅತ್ಯಲ್ಪ. ಕೂಡಿದರೂ ಅದು ಮರಣಕ್ಕೆ ಕಾರಣವಲ್ಲ.

ಇದಕ್ಕಿಂತ ದೊಡ್ಡ ಭ್ರಾಂತಿ, ಸರ್ಪವು ಹೊರಗಿನಿಂದ ಬಂದಿತೆಂಬುದು. ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ತಂದ ವೈರಾಣುವೇ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ವಯಸ್ಸಿನಿಂದಲೋ ಅನ್ಯರೋಗದಿಂದಲೋ ದೇಹದ ಕಾವಲು ಕುಗ್ಗಿದಾಗ ಮರಳಿ ಏಳುವುದು. ಜೀವಕೋಶವು ತನ್ನೊಳಗಿನ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ಎತ್ತಿ ತೋರಿಸುವುದು. ಟಿ-ಕೋಶಗಳೆಂಬ ಕಾವಲಿನವು ಅವನ್ನು ಕಂಡು ಸೋಂಕನ್ನು ಗುರುತಿಸುವುವು. ಈ ವೈರಾಣುವಾದರೋ ತುಣುಕುಗಳನ್ನು ಹೊತ್ತು ತರುವ ಅಣುಗಳನ್ನು ಕೋಶದ ಒಳಗೇ ತಡೆಹಿಡಿಯುವುದು. ಇದೇ ಕುಲದ, ತುಟಿಯಲ್ಲಿ ಬೊಕ್ಕೆಗಳನ್ನೆಬ್ಬಿಸುವ ವೈರಾಣುವು ‘ಐ.ಸಿ.ಪಿ. 47’ ಎಂಬ ಪ್ರೋಟೀನಿನಿಂದ ತುಣುಕುಗಳು ಸಾಗುವ ದ್ವಾರವನ್ನೇ ಮುಚ್ಚುವುದು. ನರಗಂಟಿನಲ್ಲಿ ಅಡಗಿರುವಾಗ ಪ್ರೋಟೀನುಗಳ ನಿರ್ಮಾಣವೇ ಬಹುಮಟ್ಟಿಗೆ ನಿಂತಿರುವುದು; ತೋರಿಸಲು ವಸ್ತುವೇ ಇಲ್ಲದಿದ್ದರೆ ಕಾವಲುಗಾರನು ಏನನ್ನು ಕಂಡಾನು?

ಬೊಕ್ಕೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಒಣಗುವುವು. ಮಂತ್ರಕ್ಕೂ ಕೆಮ್ಮಣ್ಣಿಗೂ ಸಲ್ಲುವ ಕೀರ್ತಿ ಕಾಕತಾಲೀಯನ್ಯಾಯದಿಂದ ಬಂದುದು. ನಷ್ಟವು ಮಾತ್ರ ನಿಜವಾದುದು. ಅಸೈಕ್ಲೊವಿರ್ ಮೊದಲಾದ ಔಷಧಗಳನ್ನು ಬೊಕ್ಕೆಯೆದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಫಲವು ಹೆಚ್ಚು. ಆ ಅವಧಿ ಮಂತ್ರದಲ್ಲಿ ಕಳೆದುಹೋದರೆ ರೋಗವನ್ನು ಬೇಗ ತಡೆಯುವ ಅವಕಾಶವೂ ಕಳೆಯುವುದು. ಬೊಕ್ಕೆಗಳು ಒಣಗಿದ ಮೇಲೆಯೂ ನರವೇದನೆ ತಿಂಗಳುಗಟ್ಟಲೆ ಉಳಿಯಬಹುದು. ಹಣೆ, ಕಣ್ಣುಗಳ ಬಳಿ ಎದ್ದರೆ ದೃಷ್ಟಿಗೇ ಅಪಾಯ.

ಹಾಗಾದರೆ ಹೆಸರನ್ನು ತೊರೆದು ‘ಹರ್ಪಿಸ್’ ಎನ್ನಬೇಕೆಂಬ ವಾದವು ನಿಲ್ಲದು; ಅದರ ಅರ್ಥದಲ್ಲಿಯೂ ಹರಿದಾಟವೇ ಇದೆ. ಜನರ ನಾಲಗೆಯಲ್ಲಿ ನೆಲೆಸಿದ ಪದವನ್ನು ಉಳಿಸಿಕೊಂಡು ಅದರ ವಿವರಣೆಯನ್ನು ತಿದ್ದುವುದೇ ಉಚಿತವು. ‘ಸುತ್ತು’ ಎಂಬ ಮಾತಿಗಿಂತ ‘ಹುತ್ತ’ ಎಂಬ ಮಾತು ಇಲ್ಲಿ ಹೆಚ್ಚು ಬೋಧಕವಾದುದು. ಹೊರಬಂದ ಸರ್ಪವನ್ನು ಔಷಧವು ತಡೆಯಬಲ್ಲದೇ ಹೊರತು ಹುತ್ತದೊಳಗಿನದನ್ನು ಮುಟ್ಟಲಾರದು. ಅದನ್ನು ಒಳಗೇ ಇರಿಸಲು 50 ವರ್ಷ ಮೀರಿದವರಿಗೆ 2023ರಿಂದ ಭಾರತದಲ್ಲಿಯೂ ಹೊಸ ಲಸಿಕೆಯು ದೊರೆಯುತ್ತಿದೆ. ಅಂಕೋಲೆಯ ಬೆಳಂಬಾರವು ನಾಟಿವೈದ್ಯಕ್ಕೆ ಹೆಸರಾದ ಊರು; ಕಾರವಾರದಲ್ಲಿ ವೈದ್ಯವಿಜ್ಞಾನ ಸಂಸ್ಥೆಯೇ ಇದೆ. ಮೊದಲ ದಿನವೇ ರೋಗಿಯನ್ನು ಆಸ್ಪತ್ರೆಗೆ ಕಳುಹಿಸುವ ನಾಟಿವೈದ್ಯನು ತನ್ನ ವಿದ್ಯೆಗೆ ಕುಂದು ತಂದಂತಾಗದು. ಹೆಸರಿನ ನಿಜಾರ್ಥವನ್ನು ಅರಿತಂತಾಗುವುದು.