ಮೂವತ್ತೈದರ ಗೆರೆ

ಬೀದರ ಗಡಿಯ ಮೆಹಕರದ ತಾಯಿಯೊಬ್ಬರು ಮಡಿಚಿ ಮಡಿಚಿ ಮಾಸಿಹೋದ ರಿಪೋರ್ಟೊಂದನ್ನು ನನ್ನ ಕೈಗಿತ್ತರು. ಸಿಎ-125 ಎಂಬ ಸಾಲಿನಲ್ಲಿ 62 ಎಂದಿತ್ತು. ಪಕ್ಕದಲ್ಲಿ ‘35ರ ಒಳಗಿರಬೇಕು’ ಎಂಬ ಅಚ್ಚು. “ನಂಬರ ಭಾಳ ಬಂದಾದ್ರಿ, ಕ್ಯಾನ್ಸರೇ ಏನ್ರಿ?” ಅವರು ಸರಿಯಾಗಿ ಉಂಡು ಮೂರು ದಿನವಾಗಿತ್ತು. ಆಮೇಲೆ ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಕ್ಯಾನ್ಸರ್ ಅಲ್ಲ. ಆ ರಕ್ತಪರೀಕ್ಷೆಯನ್ನು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಅದೂ ಸೇರಿತ್ತು.

ಸಿಎ-125ರಂಥ ಟ್ಯೂಮರ್ ಮಾರ್ಕರ್‌ಗಳನ್ನು ಹೀಗೆ ಮಾರುವುದು ತಪ್ಪು. ಕ್ಯಾನ್ಸರ್ ಗಡ್ಡೆ ರಕ್ತಕ್ಕೆ ಬಿಡುವ ಈ ವಸ್ತುಗಳನ್ನು ಆರೋಗ್ಯವಾಗಿರುವ ಅಂಗಗಳೂ ಬಿಡುತ್ತವೆ. ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ, ಬಸಿರಿನಲ್ಲಿ ಏರುತ್ತದೆ, ಹೊಟ್ಟೆಯ ಟಿಬಿಯಲ್ಲಂತೂ ಬಹಳ ಏರುತ್ತದೆ. ಬೀಡಿ ಸೇದುವವರಲ್ಲಿ ಸಿಇಎ ಎಂಬ ಮಾರ್ಕರ್ ಹೆಚ್ಚಿರುತ್ತದೆ. ವಯಸ್ಸಾದವರ ಪ್ರಾಸ್ಟೇಟ್ ಬರೀ ದಪ್ಪವಾಗಿದ್ದರೂ ಪಿಎಸ್‌ಎ ಮೇಲೇರುತ್ತದೆ. ಇದಕ್ಕಿಂತ ಕೆಟ್ಟದ್ದು ಸುಳ್ಳು ಧೈರ್ಯ: ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿದ್ದಾಗ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಸಿಎ-125 ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಸಿಎ-125 ತಪಾಸಣೆಯನ್ನು ಒರೆಗೆ ಹಚ್ಚಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ.

ರೋಗ ಖಚಿತವಾದ ಮೇಲಿನ ಮಾತು ಬೇರೆ. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಿಗೆ ಮೂರು-ಆರು ತಿಂಗಳಿಗೊಮ್ಮೆ ಸಿಇಎ ನೋಡುವುದರಿಂದ ಮರುಕಳಿಕೆಯ ಸುಳಿವು ಸಿಗುತ್ತದೆ. ವೃಷಣದ ಕ್ಯಾನ್ಸರ್‌ನಲ್ಲಿ ಎಎಫ್‌ಪಿ ಮತ್ತು ಬೀಟಾ ಎಚ್‌ಸಿಜಿ ಇಲ್ಲದೆ ಚಿಕಿತ್ಸೆ ಮುಂದುವರಿಸುವುದೇ ಕಷ್ಟ. ಅಲ್ಲಿ ಬೇಕಾದದ್ದು ಒಂದು ಅಂಕಿಯಲ್ಲ, ಅಂಕಿಗಳ ಏರಿಳಿತ. ನಮ್ಮ ಗಡಿಯ ಜನಕ್ಕೆ ತೊಂದರೆಯಾಗುವುದೂ ಇಲ್ಲೇ. ಒಮ್ಮೆ ಉದಗೀರ, ಒಮ್ಮೆ ಬೀದರ, ಮತ್ತೊಮ್ಮೆ ಹೈದರಾಬಾದ್ ಎಂದು ಓಡಾಡುತ್ತೇವೆ. ಲ್ಯಾಬಿನ ಯಂತ್ರ ಮತ್ತು ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ರೋಗ ಇದ್ದಲ್ಲೇ ಇದ್ದರೂ ಏರಿದಂತೆ ಕಾಣುತ್ತದೆ.

ನನಗೆ ಹೆಚ್ಚು ನೋವಾಗುವುದು ಇನ್ನೊಂದು ಕಾರಣಕ್ಕೆ. ಗುಟ್ಕಾ ತಿನ್ನುವವನ ಬಾಯಿಯ ಕ್ಯಾನ್ಸರ್, ಹೆಂಗಸರ ಗರ್ಭಕಂಠದ ಮತ್ತು ಸ್ತನದ ಕ್ಯಾನ್ಸರ್ ಇವನ್ನು ಮೊದಲೇ ಹಿಡಿಯಲು ಪ್ಯಾಕೇಜಿನ ಯಾವ ಮಾರ್ಕರೂ ಕೆಲಸಕ್ಕೆ ಬಾರದು. ಬಾಯಿಗೆ ಟಾರ್ಚ್ ಹಿಡಿದು ನೋಡುವ ಕಣ್ಣು ಬೇಕು, ಮೊಲೆಯನ್ನು ಮುಟ್ಟಿ ಪರೀಕ್ಷಿಸುವ ಕೈ ಬೇಕು, ಗರ್ಭಕಂಠಕ್ಕಾದರೆ ಅಲ್ಲಿಂದಲೇ ತೆಗೆದ ಮಾದರಿಯ ಪರೀಕ್ಷೆ ಬೇಕು. ನಮ್ಮ ಗಡಿಯಾಚೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗಿನ ಧಾರಾಶಿವ) 1,31,746 ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಗರ್ಭಕಂಠದಿಂದ ತೆಗೆದ ಮಾದರಿಯಲ್ಲಿ ಒಂದೇ ಒಂದು ಸಲ ಎಚ್‌ಪಿವಿ ವೈರಾಣುವಿನ ಪರೀಕ್ಷೆ ಮಾಡಿದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿದಿತ್ತು.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪ್ಯಾಕೇಜಿಗೆ ದುಡ್ಡು ಕೊಡುವ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅದನ್ನು ಕೇಳಿ ಮಾಡಿಸಿಕೊಳ್ಳಿ. ಚಿಕಿತ್ಸೆಯಲ್ಲಿರುವವರು ಪ್ರತಿ ಸಲವೂ ಒಂದೇ ಲ್ಯಾಬಿಗೆ ಹೋಗಿ, ಹಳೆಯ ರಿಪೋರ್ಟುಗಳನ್ನು ಒಂದೂ ಬಿಡದೆ ಫೈಲಿನಲ್ಲಿಟ್ಟುಕೊಳ್ಳಿ.