‘ಮಗಾ’ ಅನ್ನುವವರ ಪರವಾಗಿ

ಹಳ್ಳಿ ಹುಡುಗರ ಬಾಯಲ್ಲಿ ‘ಬ್ರೋ’, ‘ಮಚ್ಚಾ’, ‘ಮಗಾ’ ಕೇಳಿದರೆ ಸಾಕು, ಭಾಷೆ ಕೆಟ್ಟಿತು ಎಂದು ಹಲುಬುವವರಿದ್ದಾರೆ. ಅಣ್ಣ, ಅವ್ವ, ಅಯ್ಯ ಎಂದು ಇಡೀ ಊರನ್ನೇ ನೆಂಟರು ಮಾಡಿಕೊಂಡಿದ್ದೆವು, ಈಗ ದಾರಿಹೋಕರಿಗೆಲ್ಲ ಹಂಚಿ ಪ್ರೀತಿಯ ಮಾತನ್ನೇ ಅಗ್ಗ ಮಾಡಿಬಿಟ್ಟರು ಎಂಬುದು ಅವರ ದೂರು. ಗುಂಡ್ಲುಪೇಟೆ ಸೀಮೆಯಲ್ಲಿ ನಿಂತು ನಾನು ಇದನ್ನು ಒಪ್ಪಲಾರೆ.

ಇಡೀ ಊರು ಎಂದರೆ ಯಾವ ಊರು? ಮೇಲುಬೀದಿಯ ಪೋರನನ್ನು ಕೇರಿಯ ಮುದುಕ ‘ಬುದ್ದಿ’ ಎನ್ನಬೇಕಿತ್ತು. ಮೊಮ್ಮಗನ ವಯಸ್ಸಿನ ಆ ಪೋರ ಮುದುಕನನ್ನು ಹೆಸರು ಹಿಡಿದು, ‘ಲೇ’ ಸೇರಿಸಿ ಕೂಗುತ್ತಿದ್ದ. ಅಣ್ಣ, ಅಯ್ಯ ಎಂಬ ಮಾತುಗಳು ಬೀದಿ ನೋಡಿಯೇ ಹೊರಡುತ್ತಿದ್ದವು. ದೇವನೂರ ಮಹಾದೇವರ ‘ಕುಸುಮಬಾಲೆ’ ಕಾದಂಬರಿ ಈ ಸೀಮೆಯ ಆಡುಮಾತಿನಲ್ಲೇ ಇದೆ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ಚೆನ್ನ ಅಲ್ಲಿ ಕೊಲೆಯಾಗುತ್ತಾನೆ. ‘ಕನಪ್ಪಾ, ಕನವ್ವಾ’ ಎನ್ನುವ ನಮ್ಮ ಮಾತಿನ ಸವಿ ಅವನನ್ನು ಉಳಿಸಲಿಲ್ಲ.

ಚೆಂಡುಹೂವಿನ ಕಾಲದಲ್ಲಿ ಭೀಮನಬೀಡಿನ ಟೀ ಅಂಗಡಿ ಮುಂದೆ ಒಂದು ಗಳಿಗೆ ನಿಲ್ಲಿ. “ಲೋಡಾಯ್ತಾ ಮಗಾ?” ಎಂದು ಹೊಲದವನು ಕೇಳುತ್ತಾನೆ. “ಆಯ್ತು ಕನ ಮಗಾ” ಎಂದು ಗೂಡ್ಸ್ ಆಟೊ ಹುಡುಗ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಾನೆ. ಕೊಟ್ಟ ಮಾತು ಹಾಗೇ ವಾಪಸ್ ಬಂತು. ನನಗೆ ಮುಖ್ಯವಾದದ್ದು ಇದೇ: ಕರೆಸಿಕೊಂಡವನು ಅದೇ ಮಾತಿನಲ್ಲಿ ತಿರುಗಿ ಕರೆಯಬಲ್ಲನೇ? ‘ಬುದ್ದಿ’ ಎಂದೂ ತಿರುಗಿ ಬರಲಿಲ್ಲ. ಓಣಂ ಹೊತ್ತಿಗೆ ಹೂವು, ತರಕಾರಿಗೆ ಬರುವ ಕೇರಳದ ವ್ಯಾಪಾರಿಗೆ ನಮ್ಮವರು ‘ಚೇಟ್ಟಾ’ ಎಂದರೆ ಅವನು ‘ಅಣ್ಣಾ’ ಎನ್ನುತ್ತಾನೆ. ದೂರದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆಯೂ ಹೀಗೆಯೇ, ಅಂಗಡಿಯವರೂ ಗಿರಾಕಿಗಳೂ, ಗಂಡಸರೂ ಹೆಂಗಸರೂ, ಒಬ್ಬರನ್ನೊಬ್ಬರು ‘ಡಕ್’ ಎಂದೇ ಅಕ್ಕರೆಯಿಂದ ಕರೆಯುತ್ತಾರೆ.

ಹಂಚಿದರೆ ಮಾತು ಅಗ್ಗವಾಗುತ್ತದೆ ಎಂಬುದೂ ಸುಳ್ಳು. ತಾಳವಾಡಿ ಪಕ್ಕದ ಗಾಜನೂರಿನ ರಾಜ್‌ಕುಮಾರ್ ಅವರನ್ನು ನಾಡು ‘ಅಣ್ಣಾವ್ರು’ ಎಂದಿತು. ಅವರು ಮುಖ ಕಾಣದ ಲಕ್ಷಾಂತರ ಜನರನ್ನು ‘ಅಭಿಮಾನಿ ದೇವರುಗಳು’ ಎಂದರು. ಆ ಮಾತು ಸವೆಯಿತೇ?

‘ಬ್ರೋ’ ಅಂದ ಮಾತ್ರಕ್ಕೆ ಜಾತಿ ಹೋಗಿಲ್ಲ, ನಿಜ. ಮದುವೆ ಮಾತು ಬಂದಾಗ ಈ ಹುಡುಗರೂ ಅವರವರ ಬೀದಿ ಸೇರಿಕೊಳ್ಳುತ್ತಾರೆ. ಆದರೂ ಟೀ ಕುಡಿಯುವಷ್ಟು ಹೊತ್ತು ಯಾರೂ ಯಾರಿಗೂ ಬುದ್ದಿಯಲ್ಲ. ಆ ಹೊತ್ತು ಅವರ ಅಜ್ಜಂದಿರಿಗೆ ಸಿಕ್ಕಿರಲಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಈ ಸಲಿಗೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕಡಿಮೆ. ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೆ ಗುರುತಿಲ್ಲದ ಗಂಡಸು ‘ಡಿಯರ್’, ‘ಚಿನ್ನ’ ಎಂದರೆ ಅವಳು ಅದನ್ನು ತಿರುಗಿಸಿ ಅನ್ನಲಾರಳು. ಅಂದುಬಿಟ್ಟರೆ ಊರು ಅವಳ ಬಗ್ಗೆಯೇ ಆಡಿಕೊಳ್ಳುತ್ತದೆ. ಭಾಷೆ ಕೆಟ್ಟಿತು ಎನ್ನುವವರು ಇದರ ಬಗ್ಗೆ ತುಟಿ ಬಿಚ್ಚುವುದಿಲ್ಲ.