ಕೊಂಡಾಪುರದಲ್ಲಿ ಕೂತು ‘ಸಂಸ್ಕಾರ’ ಓದುವಾಗ

ನಮ್ಮದು ಆರು ಜನರ ಓದುಕೂಟ. ತಿಂಗಳಿಗೊಂದು ಭಾನುವಾರ, ಕೊಂಡಾಪುರದಲ್ಲಿ ಯಾರಾದರೊಬ್ಬರ ಫ್ಲ್ಯಾಟಿನಲ್ಲಿ ಸೇರುತ್ತೇವೆ. ಬೆಳಗಿನ ಉಪ್ಪಿಟ್ಟಿನಿಂದ ಶುರುವಾದದ್ದು ಮಧ್ಯಾಹ್ನ ಮಕ್ಕಳು ಬಂದು ಹಸಿವು ಅನ್ನುವವರೆಗೆ ನಡೆಯುತ್ತದೆ. ಕಳೆದ ತಿಂಗಳು ತೆಗೆದುಕೊಂಡದ್ದು ಅನಂತಮೂರ್ತಿಯವರ ‘ಸಂಸ್ಕಾರ’. ಎಲ್ಲರೂ ಕಾಲೇಜಿನಲ್ಲಿ ಓದಿದ್ದೆವು, ಎಲ್ಲರೂ ಅರ್ಧ ಮರೆತಿದ್ದೆವು. ನೆನಪಿದ್ದದ್ದು ಪ್ರಾಣೇಶಾಚಾರ್ಯ, ಚಂದ್ರಿ, ಕಾಡಿನ ಆ ರಾತ್ರಿ.

ಕೂಟದಲ್ಲಿ ಉಡುಪಿ ಕಡೆಯ ಒಬ್ಬ ಗೆಳೆಯನಿದ್ದಾನೆ. ಅವನ ಮನೆಯ ಮಂಚದ ಕೆಳಗೆ ಇಪ್ಪತ್ತೈದು ಕಿಲೋದ ಎರಡು ಅಕ್ಕಿ ಚೀಲ, ನೀರಿನ ಕ್ಯಾನುಗಳು, ಔಷಧಿಯ ಡಬ್ಬಿ, ಒಂದು ಕಟ್ಟು ನಗದು ಇವೆ. ಬಾಲ್ಕನಿಯಲ್ಲಿ ಸೋಲಾರ್ ಪ್ಯಾನಲ್. ಸರ್ಕಾರ ಯಾವತ್ತಾದರೂ ಕೈಕೊಡುತ್ತದೆ, ಅವತ್ತಿಗೆ ನಾವು ಸಿದ್ಧವಿರಬೇಕು ಅನ್ನುವುದು ಅವನ ನಂಬಿಕೆ. ಅವನೇ ಮೊದಲು ಬಾಯಿಬಿಟ್ಟ: “ಇದು ಜಾತಿಯ ಕಾದಂಬರಿ ಅಲ್ಲ ಮಾರಾಯ್ರೆ. ಸಿಸ್ಟಮ್ ಬಿದ್ದುಹೋದಾಗ ಏನಾಗ್ತದೆ ಅನ್ನುವ ಕಾದಂಬರಿ. ಮೇಲಿನವರ ಅಪ್ಪಣೆಗೆ ಕಾಯ್ತಾ ಕೂತವರು ಸತ್ರು. ತಯಾರಾಗಿರುವವನು ಬದುಕ್ತಾನೆ.”

ನಾಲ್ಕು ಜನ ತಲೆಯಾಡಿಸಿದರು. ಆ ಹೊತ್ತಿಗೆ ನಾನೂ ಆಡಿಸಿದೆ. ಮನೆಗೆ ಬಂದು ಪುಸ್ತಕವನ್ನು ಮತ್ತೆ ಓದಿದ ಮೇಲೆ ಅವನ ಮಾತಿನ ಮೊದಲರ್ಧ ಸರಿ, ಉಳಿದರ್ಧ ಪುಸ್ತಕದಲ್ಲಿ ಎಲ್ಲೂ ಇಲ್ಲ ಅನ್ನಿಸಿತು. ಈ ಟಿಪ್ಪಣಿ ಆ ಉಳಿದರ್ಧದ ಬಗ್ಗೆ.

ಮೊದಲರ್ಧ ಹೇಗೆ ಸರಿ ಅಂದರೆ, 1965ರ ಈ ಕಾದಂಬರಿಯನ್ನು ಆಚಾರ್ಯರ ಒಳತೋಟಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಓದಿದರೆ ಅದು ನಿಜಕ್ಕೂ ಒಂದು ಪ್ಲೇಗಿನ ಕಥೆ. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ಇಲಿಗಳು ಹೊರಗೆ ಬಂದು ಬಿದ್ದು ಸಾಯುತ್ತವೆ. ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ದೂರ್ವಾಸಪುರದ ಅಗ್ರಹಾರದವರು ಜಾಗಟೆ ಬಾರಿಸಿ ಹದ್ದು ಓಡಿಸುತ್ತಾರೆಯೇ ಹೊರತು ಇಲಿ ಯಾಕೆ ಸತ್ತಿತು ಎಂದು ಕೇಳುವುದಿಲ್ಲ. ಅವರ ಮುಂದಿರುವ ಪ್ರಶ್ನೆ ಒಂದೇ: ಹೆಣವನ್ನು ಯಾರು ಸುಡಬೇಕು? ಪ್ರಾಣೇಶಾಚಾರ್ಯರು ತಾಳೆಗರಿ ಹುಡುಕುತ್ತಾರೆ. ಉತ್ತರವಿಲ್ಲ. ಮಾರುತಿಯ ಮುಂದೆ ಕೂತು ಪ್ರಸಾದ ಕೇಳುತ್ತಾರೆ. ಅಲ್ಲೂ ಉತ್ತರವಿಲ್ಲ. ಕೊನೆಗೆ ಗುರುಗಳನ್ನೇ ಕೇಳೋಣವೆಂದು ಮಠಕ್ಕೆ ಹೊರಡುತ್ತಾರೆ. ಹೋಗುವವರಲ್ಲಿ ಒಬ್ಬೊಬ್ಬರೇ ಜ್ವರ ಬಂದು ಮಲಗುತ್ತಾರೆ.

ಹಾಗಾದರೆ ತಯಾರಿ? ಅಗ್ರಹಾರದಲ್ಲಿ ತಯಾರಿಗೆ ಕೊರತೆ ಇರಲಿಲ್ಲ. ನಾರಣಪ್ಪನನ್ನು ಬದುಕಿದ್ದಾಗ ಬಹಿಷ್ಕಾರ ಹಾಕಲಿಲ್ಲ, ಯಾಕೆಂದರೆ ಮುಸಲ್ಮಾನನಾಗುತ್ತೇನೆ ಎಂದು ಅವನು ಹೆದರಿಸಿದ್ದ. ಹಾಗಾದರೆ ಮೈಲಿಗೆಯಾದ ಊರನ್ನು ಎಲ್ಲರೂ ಬಿಡಬೇಕಾಗಿತ್ತು. ಮನೆ, ಭೂಮಿ, ಮಡಿ ಎಲ್ಲವನ್ನೂ ಮುಂದಾಲೋಚನೆಯಿಂದ ಕಾಪಾಡಿಕೊಂಡವರು ಇವರು. ಸಂಸ್ಕಾರದ ಖರ್ಚಿಗೆಂದು ಚಂದ್ರಿ ತನ್ನ ಚಿನ್ನವನ್ನು ತಂದಿಟ್ಟಾಗ, ತನಕ ಹಿಂಜರಿಯುತ್ತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಹೆಣದ ಮೇಲೆ ಹಠಾತ್ತನೆ ಹಕ್ಕು ಹುಟ್ಟುತ್ತದೆ. ಅಂದರೆ ಸರಕು ಇದೆ. ಗೋಡೆಯೂ ಇದೆ, ಯಾರು ಒಳಗೆ ಯಾರು ಹೊರಗೆ ಎಂಬ ಪಟ್ಟಿಯೂ ಇದೆ. ನನ್ನ ಗೆಳೆಯ ಹೇಳುವ ತಯಾರಿಯ ಸಾಮಾನುಗಳೆಲ್ಲ ದೂರ್ವಾಸಪುರದಲ್ಲಿ ಮೊದಲೇ ಇದ್ದವು.

ಹಾಗಿದ್ದರೆ ಹೆಣ ಸುಟ್ಟವರು ಯಾರು? ಇದನ್ನು ನಾನು ಪೂರ್ತಿ ಮರೆತಿದ್ದೆ. ಆಚಾರ್ಯರಿಂದ ಏನೂ ಆಗದೆಂದು ಗೊತ್ತಾದ ಮೇಲೆ ಚಂದ್ರಿ ರಾತ್ರಿ ಗಾಡಿಯವನನ್ನು ಹುಡುಕಿಕೊಂಡು ಹೋಗುತ್ತಾಳೆ. ಮೊದಲು ಕೇಳಿದವನು ಹೆದರುತ್ತಾನೆ. ಆಮೇಲೆ ಬರುವವನು ಮೀನು ವ್ಯಾಪಾರದ ಅಹಮದ್ ಬ್ಯಾರಿ. ಹಿಂದೆ ಕೈ ಖಾಲಿಯಾಗಿದ್ದಾಗ ಎತ್ತು ಕೊಳ್ಳಲು ನಾರಣಪ್ಪ ಕೊಟ್ಟ ದುಡ್ಡನ್ನು ಅವನು ಮರೆತಿಲ್ಲ. ಅದೇ ಋಣಕ್ಕೆ ಗಾಡಿ ಕಟ್ಟಿ, ಹೆಣ ಹೇರಿ, ಬೆಳಗಾಗುವುದರೊಳಗೆ ಸುಟ್ಟು ಹೋಗುತ್ತಾನೆ. ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರಕ್ಕೆ ಇದು ಗೊತ್ತೇ ಆಗುವುದಿಲ್ಲ. ಇಲ್ಲದ ಹೆಣದ ಬಗ್ಗೆ ಧರ್ಮಚರ್ಚೆ ಮುಂದುವರಿಯುತ್ತದೆ.

ಇನ್ನೊಂದು ಕಡೆ ಹೊಲೆಯರ ಗುಡಿಸಲುಗಳಲ್ಲೂ ಜನ ಸಾಯುತ್ತಾರೆ. ಅವರು ಶಾಸ್ತ್ರ ಕೇಳುವುದಿಲ್ಲ, ಹೆಣ ಒಳಗಿರುವಂತೆಯೇ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಪ್ಲೇಗಿನ ಕಾಲಕ್ಕೆ ಇಡೀ ಕಾದಂಬರಿಯಲ್ಲಿ ಯಾರಾದರೂ ಮಾಡಿದ ಸರಿಯಾದ ಕೆಲಸ ಅದೇ. ಅದಕ್ಕೆ ಸಿಕ್ಕಿರುವುದು ಕೆಲವೇ ಸಾಲು. ಬ್ಯಾರಿಗೂ ಅಷ್ಟೇ. ಇಲ್ಲಿ ನನಗೆ ಅನಂತಮೂರ್ತಿಯವರ ಮೇಲೆ ತಕರಾರಿದೆ. ಕಾದಂಬರಿಗೆ ಆಚಾರ್ಯರ ಆತ್ಮದ ಮೇಲೆ ಎಷ್ಟು ಮೋಹವೆಂದರೆ, ಮೂರನೆಯ ಭಾಗದಲ್ಲಿ ಪ್ಲೇಗನ್ನೇ ಊರಲ್ಲಿ ಬಿಟ್ಟು ಅವರ ಹಿಂದೆ ಜಾತ್ರೆಗೆ ಹೊರಟುಬಿಡುತ್ತದೆ. ಕೈಯಾರೆ ಕೆಲಸ ಮಾಡಿದ ಬ್ಯಾರಿಗೆ ಒಂದು ಪುಟ ಕೊಟ್ಟಿದ್ದರೆ ನಾವೆಲ್ಲ ಅವನನ್ನು ಮರೆಯುತ್ತಿರಲಿಲ್ಲವೇನೋ.

ಸರ್ಕಾರ ಈ ಕಾದಂಬರಿಯಲ್ಲಿ ಎಲ್ಲಿದೆ ಎಂದೂ ಹುಡುಕಿದೆ. ಇದೆ, ಅಂಚಿನಲ್ಲಿ. ಅಗ್ರಹಾರದವರು ಕೀಳೆಂದು ಕಾಣುವ ಪಾರಿಜಾತಪುರದಲ್ಲಿ ಮಂಜಯ್ಯ ಪೇಪರ್ ಓದುತ್ತಾನೆ. ಇದು ಪ್ಲೇಗು ಎಂದು ಮೊದಲು ಗುರುತಿಸುವವನು ಅವನು. ತೀರ್ಥಹಳ್ಳಿಗೆ ಹೇಳಿ ಕಳಿಸಬೇಕು, ಡಾಕ್ಟರರನ್ನು ಕರೆಸಿ ಇನಾಕ್ಯುಲೇಷನ್ ಮಾಡಿಸಬೇಕು ಎಂಬ ಮಾತು ಬರುವುದು ಅವನ ಮನೆಯಲ್ಲಿ. ಮಠದಾಚೆಗೆ ಇನ್ನೊಂದು ವ್ಯವಸ್ಥೆ ಇದೆ, ಅದನ್ನು ಕೂಗಿ ಕರೆಯಬಹುದು ಎಂದು ಹೊಳೆಯುವುದು ಈ ಅರೆಮಡಿಯ ಲೌಕಿಕನಿಗೆ ಮಾತ್ರ. ನನ್ನ ಗೆಳೆಯ ಇವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಸರ್ಕಾರವನ್ನು ಅನುಮಾನಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಈ ಕಾದಂಬರಿಯ ಸಿನಿಮಾದ ಕಥೆಯೇ ಸಾಕು. ಅದನ್ನು 1970ರಲ್ಲಿ ಮಾಡಿದವರು ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ (ಹೈದರಾಬಾದಿನಲ್ಲಿ ಇದನ್ನು ಹೇಳಿದರೆ ನಮ್ಮ ಆಫೀಸಿನ ತೆಲುಗರು ನಂಬುವುದಿಲ್ಲ). ಸೆನ್ಸಾರ್ ಮೊದಲು ತಡೆದ ಆ ಚಿತ್ರಕ್ಕೇ ಆಮೇಲೆ ಸ್ವರ್ಣಕಮಲ ಸಿಕ್ಕಿತು. ಚಂದ್ರಿಯಾಗಿದ್ದವರು ಅವರ ಹೆಂಡತಿ ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಆಸ್ತಮಾ ಇದ್ದ ಹೆಂಗಸು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಸರ್ಕಾರದ ಮೇಲಿನ ಅಪನಂಬಿಕೆಗೆ ಅವರು ತೆತ್ತದ್ದು ಅದು. ನಮ್ಮ ಅಪನಂಬಿಕೆಗೆ ಆಗುವ ಖರ್ಚು ಎರಡು ಚೀಲ ಅಕ್ಕಿ, ಒಂದು ಇನ್ವರ್ಟರ್. ಎರಡಕ್ಕೂ ಒಂದೇ ಪದ ಬಳಸಲು ನನಗೆ ಸಂಕೋಚವಾಗುತ್ತದೆ.

ಕೂಟದಲ್ಲಿ ತೇಜಸ್ವಿಯವರ ಹೆಸರೂ ಬಂತು. ಬರದೆ ಇರುತ್ತದೆಯೇ? ನಮ್ಮಂಥವರಿಗೆ ತೇಜಸ್ವಿ ಅಂದರೆ ಊರು ಬಿಟ್ಟು ಕಾಡು ಸೇರಿದವರು, ಸ್ಕೂಟರನ್ನು ತಾವೇ ಬಿಚ್ಚಿ ರಿಪೇರಿ ಮಾಡಿದವರು, ಯಾರ ಹಂಗೂ ಇಲ್ಲದೆ ಮೂಡಿಗೆರೆಯಲ್ಲಿ ಬದುಕಿ ತೋರಿಸಿದವರು. ಎಲ್ಲ ಕುಸಿದರೆ ಹೋಗಿ ಸೇರಲು ಮಲೆನಾಡಿನಲ್ಲಿ ಎರಡು ಎಕರೆ ಎಂಬ ಕನಸಿನ ಮೂಲಪುರುಷ. ನಮ್ಮ ಆರರಲ್ಲಿ ಇಬ್ಬರು ಆಗಲೇ ಜಾಗ ನೋಡಿದ್ದಾರೆ. 2020ರಲ್ಲಿ ಕರ್ನಾಟಕ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದದ್ದರಿಂದ ಅದು ಸಾಧ್ಯವಾಯಿತು. ಅಂದರೆ ಸರ್ಕಾರದಿಂದ ತಪ್ಪಿಸಿಕೊಳ್ಳುವ ಜಾಗಕ್ಕೂ ಸರ್ಕಾರವೇ ಬಾಗಿಲು ತೆಗೆಯಬೇಕಾಯಿತು. ಆಮೇಲೆ ಪಹಣಿ, ಪೋಡಿ, ತಾಲೂಕು ಕಚೇರಿಯ ಮೆಟ್ಟಿಲು. ಎಲ್ಲ ಕುಸಿದ ದಿನ ಆ ಪಹಣಿಯನ್ನು ಯಾರಿಗೆ ತೋರಿಸುತ್ತಾರೆ ಎಂದು ಕೇಳಿದೆ. ನಕ್ಕರು, ಉತ್ತರ ಬರಲಿಲ್ಲ.

ಅದೇ ತೇಜಸ್ವಿ ‘ತಬರನ ಕಥೆ’ಯನ್ನೂ ಬರೆದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಕಾಸರವಳ್ಳಿಯವರ ಸಿನಿಮಾದಲ್ಲಿ ಚಾರುಹಾಸನ್ ಅವರ ಮುಖ ನೋಡಿದವರಿಗೆ ಅದು ಮರೆಯುವುದಿಲ್ಲ. ತಬರನಿಗೆ ಸರ್ಕಾರದ ಮೇಲೆ ಅಪನಂಬಿಕೆ ಇಲ್ಲ, ಅದೇ ಅವನ ದುರಂತ. ಜೀವನವಿಡೀ ಅದರ ಚಾಕರಿ ಮಾಡಿದ ಜವಾನ. ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿದೆ, ಪಿಂಚಣಿ ಕಡತದಲ್ಲಿ ಸಿಕ್ಕಿಕೊಂಡಿದೆ. ಅವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅವನಿಗೆ ಸ್ವಾವಲಂಬಿಯಾಗು ಎಂದು ಹೇಳಿ ನೋಡಿ. ಸರ್ಕಾರ ಬೇಡ ಎನ್ನಲು ಒಂದು ಅಂತಸ್ತು ಬೇಕು. ತಬರನಿಗೆ ಬೇಕಾಗಿದ್ದದ್ದು ತನ್ನದೇ ದುಡ್ಡನ್ನು ಹೊತ್ತಿಗೆ ಸರಿಯಾಗಿ ಕೊಡುವ ಸರ್ಕಾರ, ಅಷ್ಟೆ.

ಇಲ್ಲಿಗೆ ನನ್ನ ಮಾತು ಬರಬೇಕು. ಕೂಟದಲ್ಲಿ ಹೇಳಲಿಲ್ಲ, ಬರೆಯುವುದು ಸುಲಭ.

2021ರ ಮೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅರವತ್ತನಾಲ್ಕು ಮನೆ. ಎಲ್ಲರೂ ದುಡ್ಡು ಹಾಕಿ ಎರಡು ಆಕ್ಸಿಜನ್ ಕಾನ್ಸಂಟ್ರೇಟರ್ ತಂದೆವು. ನಮಗೆ ನಮ್ಮ ಬಗ್ಗೆ ಬಹಳ ಹೆಮ್ಮೆಯಾಗಿತ್ತು. ಬೋರ್‌ವೆಲ್ ನಮ್ಮದು, ಜನರೇಟರ್ ನಮ್ಮದು, ಬೇಸಿಗೆಯಲ್ಲಿ ಬೋರ್ ಬತ್ತಿದರೆ ಟ್ಯಾಂಕರಿನವನ ನಂಬರ್ ನಮ್ಮದು, ಈಗ ಉಸಿರೂ ನಮ್ಮದೇ. ಎಕ್ಸೆಲ್ ಬಲ್ಲವನೆಂದು ಮೆಷಿನ್ನಿನ ಸರದಿ ಪಟ್ಟಿ ನನ್ನ ಪಾಲಿಗೆ ಬಂತು. ‘ನಿವಾಸಿಗಳಿಗೆ ಮಾತ್ರ’ ಎಂದು ಮೇಲಿನ ಸಾಲಿನಲ್ಲಿ ಟೈಪ್ ಮಾಡಿದವನು ನಾನೇ. ಹೊರಗಿನ ನೆಂಟರು ಬಂದು ಕೇಳಬಾರದು ಎಂಬುದಷ್ಟೇ ಆಗ ತಲೆಯಲ್ಲಿದ್ದದ್ದು.

ನಮ್ಮ ವಾಚ್‌ಮನ್ ಯಾದಗಿರಿ ಕಡೆಯವನು. ಹೆಂಡತಿಯ ಜೊತೆ ಸೆಲ್ಲಾರಿನಲ್ಲಿ, ಜನರೇಟರ್ ಪಕ್ಕದ ಕೋಣೆಯಲ್ಲಿದ್ದ. ನಾನು ಕನ್ನಡದವನು ಎಂದು ಗೊತ್ತಾದ ದಿನದಿಂದ “ನಮ್ ಕಡೇರು ನೀವು” ಎನ್ನುತ್ತಿದ್ದ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದ. “ಸರ, ನಮ್ಮಾಕಿಗಿ ಉಸುರು ಹತ್ತವಲ್ದು. ಆ ಮಷೀನ್ ಒಂದ್ ರಾತ್ರಿ ಕೊಡ್ರಿ.” ಬೆರಳಿಗೆ ಹಾಕಿ ನೋಡಿದಾಗ ಎಂಬತ್ತೆಂಟು ತೋರಿಸಿತಂತೆ. ಅವತ್ತು ಎರಡೂ ಮೆಷಿನ್ ಖಾಲಿ ಇದ್ದವು, ಕೀಲಿ ನನ್ನ ಹತ್ತಿರವಿತ್ತು. ನಾನು ಗ್ರೂಪಿನಲ್ಲಿ ಕೇಳಿದೆ. ಅವರು ನಿವಾಸಿಗಳೇ ಅಲ್ಲವೇ ಎಂದು ಒಬ್ಬರು. ಮೇಂಟೆನೆನ್ಸ್ ಕಟ್ಟುವವರು ನಿವಾಸಿಗಳು ಎಂದು ಇನ್ನೊಬ್ಬರು. ಇವತ್ತು ಕೊಟ್ಟರೆ ನಾಳೆ ಕೆಲಸದವರೆಲ್ಲ ಕೇಳುತ್ತಾರೆ, ರಾತ್ರಿ ನಮ್ಮಲ್ಲೇ ಯಾರಿಗಾದರೂ ಬೇಕಾದರೆ ಎಂದು ಮತ್ತೊಬ್ಬರು. ಯಾರೂ ಕೆಟ್ಟವರಲ್ಲ. ಒಂದು ಗಂಟೆಗೆ ನಾನೇ ಬರೆದೆ: ಬೆಳಿಗ್ಗೆ ತೀರ್ಮಾನಿಸೋಣ.

ಬೆಳಿಗ್ಗೆ ಕೋಣೆಗೆ ಬೀಗವಿತ್ತು. ರಾತ್ರಿ ಎರಡಕ್ಕೆ ನೀರು ತಂದ ಟ್ಯಾಂಕರಿನವನು ನೀರು ಖಾಲಿ ಮಾಡಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಬಿಟ್ಟಿದ್ದ. ಅಂಥ ಹೊತ್ತಿನಲ್ಲೂ ಎದ್ದು ಗೇಟು ತೆಗೆದು, ಚಹಾ ಕಾಯಿಸಿ ಕೊಡುವವನು ಈ ವಾಚ್‌ಮನ್ ಒಬ್ಬನೇ ಎಂದು ಅವನು ಆಮೇಲೆ ಯಾರಿಗೋ ಹೇಳಿದನಂತೆ. ಹಾಸಿಗೆ ಸಿಕ್ಕಿತು. ಹನ್ನೊಂದು ದಿನಕ್ಕೆ ಅವಳು ವಾಪಸ್ ಬಂದಳು. ನಾವು ಆರೂ ಜನ ಪ್ರತಿ ಭಾನುವಾರ ಬೈಯುವ ಸರ್ಕಾರದ ಆಸ್ಪತ್ರೆ ಅದು. ಅಲ್ಲಿ ಅವಳನ್ನು ನಿವಾಸಿಯೇ ಎಂದು ಯಾರೂ ಕೇಳಿರಲಿಕ್ಕಿಲ್ಲ.

ಮೊನ್ನೆ ಅಹಮದ್ ಬ್ಯಾರಿಯ ಗಾಡಿ ಬರುವಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಇಷ್ಟು ವರ್ಷ ‘ಸಂಸ್ಕಾರ’ದಲ್ಲಿ ನಾನು ನನ್ನನ್ನು ಹುಡುಕಿಕೊಂಡದ್ದು ಪ್ರಾಣೇಶಾಚಾರ್ಯರಲ್ಲಿ, ಗೊಂದಲ, ಆತ್ಮಶೋಧನೆ, ನಮ್ಮಂಥ ಓದುಗರಿಗೆ ಹಿತವಾದ ಜಾಗ ಅದು. ನನ್ನ ಸ್ಥಾನ ಅದಲ್ಲ. ನಾನು ಆಚಾರ್ಯರ ಜಗುಲಿಯ ಮೇಲೆ ಸೇರಿದ್ದ ಗುಂಪಿನಲ್ಲಿ ಹೆಸರು ನೆನಪಿರದ ಒಬ್ಬ. ಊಟ ತಡವಾಯಿತು ಎಂದು ಚಡಪಡಿಸುತ್ತಾ, ಬೆಳಗಾಗಲಿ ನೋಡೋಣ ಎಂದವನು.

ಆ ವಾಚ್‌ಮನ್ ಊರಿಗೆ ಹೋಗಿ ಎರಡು ವರ್ಷವಾಯಿತು. ಹಬ್ಬಕ್ಕೆ ಫೋನು ಮಾಡುತ್ತಾನೆ. ಈ ದಸರೆಗೂ ಮಾಡಿದ್ದ. ಮಳೆ, ತೊಗರಿ, ಮಗನ ಐಟಿಐ ಎಲ್ಲ ಹೇಳಿ, ಇಡುವ ಮುಂಚೆ, “ಆ ಮಷೀನ್ ಇನ್ನೂ ಐತೇನ್ರಿ ಸರ?” ಅಂದ.

ಐತಿ, ಸ್ಟೋರ್ ರೂಮಿನಾಗ ಐತಿ, ಅಂದೆ.